ಅಣ್ಣನ ಮೇದೋಜೀರಕ

ಅಣ್ಣ ಊಟಕ್ಕೆ ಹೆದರುತ್ತಿದ್ದಾನೆ ಎಂದು ನನಗೆ ಗೊತ್ತಾದದ್ದು ಜೂನ್ ತಿಂಗಳ ಒಂದು ಭಾನುವಾರ. ಕಡಲಿಗೆ ಇಳಿಯಲು ನಿಷೇಧ ಇರುವ ಆ ಮಳೆಗಾಲದ ತಿಂಗಳುಗಳಲ್ಲಿ ಮಾತ್ರ ಅವನು ಮಧ್ಯಾಹ್ನದ ಊಟಕ್ಕೆ ಮನೆಯಲ್ಲಿ ಸಿಗುತ್ತಾನೆ. ಉಳಿದಂತೆ ಅವನು ಟ್ರಾಲ್ ಬೋಟಿನ ತಾಂಡೇಲ. ಬೋಟು ಎತ್ತ ಹೋಗಬೇಕು, ಬಲೆ ಎಲ್ಲಿ ಬಿಡಬೇಕು, ಯಾವಾಗ ಎಳೆಯಬೇಕು ಎಂದು ಹೇಳುವವನು ಅವನೇ. ಒಮ್ಮೆ ಹೊರಟರೆ ವಾರ, ಹತ್ತು ದಿನ ನೀರಿನ ಮೇಲೆ. ಹಾಗಾಗಿ ಜೂನ್ ಬಂತೆಂದರೆ ಭಾನುವಾರಗಳಲ್ಲಿ ನಾನು ಬ್ರಹ್ಮಾವರದ ನನ್ನ ಮನೆಯಿಂದ ಬಸ್ಸು ಹತ್ತಿ, ಕುಂದಾಪುರ ದಾಟಿ, ಕಡಲ ಬದಿಯ ತವರುಮನೆಗೆ ಹೋಗಿ ಬರುವುದು ರೂಢಿ.

ಅವತ್ತು ಅತ್ತಿಗೆ ಕೋಳಿ ಸಾರು ಮಾಡಿದ್ದಳು. ಅಣ್ಣ ನಾಲ್ಕು ತುತ್ತು ತಿಂದು ಎಲೆ ಮಡಚಿದ. ಮೊದಲೆಲ್ಲ ನಾನೂ ಅತ್ತಿಗೆಯೂ ಊಟ ಮುಗಿಸಿ ಕೈ ಒಣಗಿದರೂ ಅವನು ಇನ್ನೊಮ್ಮೆ ಅನ್ನ ಹಾಕಿಸಿಕೊಳ್ಳುತ್ತಿದ್ದ. "ಹೊಟ್ಟಿ ತುಂಬಿತ್" ಅಂದು ಒಳಗೆ ಹೋದ. ಅರ್ಧ ಗಂಟೆ ಕಳೆದು ನಾನು ಕೋಣೆಗೆ ಹೋದರೆ ಮಂಚದ ಮೇಲೆ ಕೂತು, ತಲೆದಿಂಬನ್ನು ಹೊಟ್ಟೆಗೆ ಒತ್ತಿಕೊಂಡು, ಹಣೆ ಮೊಣಕಾಲಿಗೆ ತಾಗುವಷ್ಟು ಮುಂದಕ್ಕೆ ಬಗ್ಗಿದ್ದ. ಮಳೆಗಾಲದ ತಣ್ಣನೆ ಗಾಳಿಯಲ್ಲೂ ಕುತ್ತಿಗೆ ಬೆವರಿತ್ತು.

"ಎಂತ ಆಯ್ತ್ ಅಣ್ಣ?"

"ಎಂತ ಇಲ್ಲ. ಗ್ಯಾಸ್. ಸ್ವಲ್ಪ ಹೊತ್ತಲ್ಲಿ ಹೋತ್ತ್."

ಹೊರಗೆ ಬಂದ ಮೇಲೆ ಅತ್ತಿಗೆ ಹೇಳಿದಳು. "ಆರ್ ತಿಂಗ್ಳಾಯ್ತ್. ಉಂಡ್ರೆ ನೋವ್, ಉಣ್ದಿದ್ರೆ ಇಲ್ಲ. ಅದ್ಕೇ ಉಂಬುದೇ ಕಮ್ಮಿ ಮಾಡಿದ್ರ್. ಬರೀ ಗಂಜಿ ತಿಳಿ, ಉಪ್ಪಿನಕಾಯಿ." ಬೆಲ್ಟಿಗೆ ಮೊಳೆಯಿಂದ ಎರಡು ಹೊಸ ತೂತು ಹೊಡೆದುಕೊಂಡದ್ದನ್ನೂ ತೋರಿಸಿದಳು. ನೋವು ಬಂದಾಗ ಔಷಧದಂಗಡಿಯ ಗುಲಾಬಿ ಬಣ್ಣದ ಸಿರಪ್ಪು ಕುಡಿಯುತ್ತಿದ್ದನಂತೆ. ಅದರ ಖಾಲಿ ಬಾಟಲಿಗಳು ಬಚ್ಚಲಿನ ಕಿಟಕಿಯಲ್ಲಿ ಸಾಲಾಗಿ ನಿಂತಿದ್ದವು.

ನಾನು ಬೈಂದೂರಿನ ಒಂದು ಕಾಲೇಜಿನಲ್ಲಿ ಪಿಯುಸಿ ಮಕ್ಕಳಿಗೆ ಜೀವಶಾಸ್ತ್ರ ಹೇಳುವವಳು. ಹತ್ತೊಂಬತ್ತು ವರ್ಷ ಹೇಳಿದ್ದೇನೆ. ಹಸಿವು ಇರುವ ಮನುಷ್ಯ ಊಟದ ಎಲೆ ಕಂಡು ಹಿಂದೆ ಸರಿಯುವುದನ್ನು ಅಲ್ಲಿಯವರೆಗೆ ನೋಡಿರಲಿಲ್ಲ. ಇದು ಗ್ಯಾಸ್ ಅಲ್ಲ ಎಂದು ಮಾತ್ರ ಅನ್ನಿಸಿತು.

ಮರುದಿನವೇ ಅವನನ್ನು ಹತ್ತಿರದ ಒಬ್ಬ ವೈದ್ಯರ ಬಳಿ ಕಳಿಸಿದೆವು. ನನಗೆ ಕಾಲೇಜು ಇತ್ತು, ಜೊತೆಗೆ ಹೋಗಲಿಲ್ಲ. ಹೋಗಬೇಕಿತ್ತು. ಆ ವೈದ್ಯರು ಹೊಟ್ಟೆ ಒತ್ತಿ ನೋಡಿ, ಅವನ ಉದ್ಯೋಗ ಕೇಳಿ, ಕಾಯುತ್ತಿದ್ದವರ ಎದುರಿಗೇ "ದಿನಕ್ಕೆ ಎಷ್ಟು ಹಾಕ್ತೀರಿ?" ಎಂದು ಕೇಳಿದರಂತೆ. ಇವನು ಕುಡಿಯುವುದಿಲ್ಲ ಅಂದ. ಅವರು ನಕ್ಕು, "ಎಲ್ಲರೂ ಹಾಗೇ ಹೇಳೋದು" ಅಂದರು. ಇವನು ಅಂಗಿ ಗುಂಡಿ ಹಾಕಿಕೊಂಡು ಎದ್ದು ಬಂದ. ಬರೆದುಕೊಟ್ಟ ಚೀಟಿಯನ್ನೂ ಅಲ್ಲೇ ಬಿಟ್ಟ.

ಮಾತು ಅಲ್ಲಿಗೇ ನಿಲ್ಲಲಿಲ್ಲ. ಕಾಯುತ್ತಿದ್ದವರಲ್ಲಿ ಬಂದರಿನವರೂ ಇದ್ದರು. ತಾಂಡೇಲ ಸೊರಗಿದ್ದು ಯಾಕೆ ಎಂಬುದಕ್ಕೆ ಅವರಿಗೆ ಕಾರಣ ಸಿಕ್ಕಿತು. ಕದ್ದು ಕುಡಿಯುತ್ತಾನಂತೆ, ಕರುಳು ಸುಟ್ಟಿದೆಯಂತೆ ಎಂಬ ಸುದ್ದಿ ಮೀನು ಹರಾಜಿನ ಕಟ್ಟೆಯಿಂದ ಮನೆಯ ತನಕ ಬಂತು. ಅತ್ತಿಗೆ ನಂಬಲಿಲ್ಲ, ನಂಬದೆಯೂ ಇರಲಿಲ್ಲ. ಅವನಿಲ್ಲದ ಹೊತ್ತಿನಲ್ಲಿ ಅವನ ಅಂಗಿ ಮೂಸಿ ನೋಡಿದಳು, ಅಟ್ಟ ಹತ್ತಿ ಬಲೆಯ ರಾಶಿಯ ಹಿಂದೆ ಬಾಟಲಿ ಹುಡುಕಿದಳು. ಇದನ್ನು ನನಗೆ ಅವಳೇ ಆಮೇಲೆ ಹೇಳಿದ್ದು. ಹೇಳುವಾಗ ಸೆರಗಿನಲ್ಲಿ ಮುಖ ಒರೆಸಿಕೊಂಡಳು.

ಅವಳಿಗಿಂತ ನಾನೇನೂ ಮೇಲಲ್ಲ. ಮನೆಗೆ ಬಂದು ಪುಸ್ತಕ ತೆಗೆದು ನೋಡಿದೆ. ಊಟದ ನಂತರ ಮೇಲ್ಹೊಟ್ಟೆಯಲ್ಲಿ ನೋವು, ಅದು ಬೆನ್ನಿಗೆ ಹೋಗುವುದು, ಮುಂದಕ್ಕೆ ಬಗ್ಗಿದರೆ ಕಡಿಮೆಯಾಗುವುದು. ಮೇದೋಜೀರಕದ ಹಳೆಯ ಉರಿಯೂತಕ್ಕೆ ಇವೆಲ್ಲ ಹೊಂದುತ್ತಿದ್ದವು. ಕಾರಣಗಳ ಪಟ್ಟಿಯಲ್ಲಿ ಮೊದಲನೆಯದು ಮದ್ಯ. ಮುಂದಿನ ಭಾನುವಾರ ನಾನೂ ಅವನನ್ನು ಕೇಳಿಬಿಟ್ಟೆ. ಸುತ್ತು ಬಳಸಿ, ಟೀಚರುಗಳು ಕೇಳುವ ಹಾಗೆ. ಯಾವಾಗಲಾದರೂ, ಬೋಟಿನಲ್ಲಿ, ಚಳಿಗೆ, ಹುಡುಗರ ಜೊತೆ ಒಂದಿಷ್ಟು?

ಅಣ್ಣ ಬೀಡಿ ಹಚ್ಚುತ್ತಿದ್ದವನು ಕಡ್ಡಿ ಆರಿಸಿದ.

"ನೀನೂ ಕೇಂತ್ಯಾ?"

ಕಡ್ಡಿಯನ್ನು ಅಂಗಳಕ್ಕೆ ಎಸೆದು ಅವನೇ ಮುಂದುವರಿಸಿದ.

"ಅಪ್ಪಯ್ಯ ಗಡಂಗಲ್ಲಿ ಬಿದ್ದದ್ದ್ ನೆನಪಿಲ್ಯಾ? ಹೆಗಲಿಗ್ ಆನ್ಸ್ಕಂಡ್ ಮನಿಗ್ ತಂದವ ನಾನ್. ಆಗ ನಂಗೆ ಹನ್ನೊಂದ್ ವರ್ಷ. ಆ ವಾಸನಿ ಇವತ್ತಿಗೂ ನನ್ ಮೂಗಲ್ಲಿತ್ತ್. ನಂಗೆ ಅದನ್ನ ಕುಡೂಕೆ ಮನಸ್ ಬತ್ತಾ?"

ಸಾರಾಯಿ ಅಂಗಡಿಯಿಂದ ಅಪ್ಪನನ್ನು ಅವನು ತಂದದ್ದು ನನಗೆ ನೆನಪಿತ್ತು. ಒಂದಲ್ಲ, ಎಷ್ಟೋ ಸಲ. ನಾನು ಆಗ ಬಾಗಿಲ ಹಿಂದೆ ನಿಂತಿರುತ್ತಿದ್ದೆ. ಅವನ ದುಡಿಮೆಯಲ್ಲೇ ನಾನು ಓದಿದ್ದು. ಪುಸ್ತಕದ ಒಂದು ಸಾಲನ್ನು ಅವನ ಮಾತಿಗಿಂತ ಮೇಲೆ ಇಟ್ಟೆನಲ್ಲ ಎಂದು ನಾಚಿಕೆಯಾಯಿತು. "ತಪ್ಪಾಯ್ತ್ ಅಣ್ಣ" ಅಂದೆ. "ಆದ್ರೆ ಇದನ್ನ ಕಂಡ್‌ಹಿಡಿಕ್. ಈ ಸಲ ನಾನ್ ಜೊತಿಗ್ ಬತ್ತೆ."

ಎರಡು ದಿನ ರಜೆ ಹಾಕಿದೆ. ಕುಂದಾಪುರದ ಸ್ಕ್ಯಾನಿಂಗ್ ಸೆಂಟರಿನಲ್ಲಿ ಅವನು ಹೊಟ್ಟೆಗೆ ಜೆಲ್ ಹಚ್ಚಿಸಿಕೊಂಡು ಮಲಗಿದಾಗ ನನ್ನನ್ನೂ ಒಳಗೆ ಬಿಟ್ಟರು. ಪರದೆಯ ಬೂದಿ ಬಣ್ಣದಲ್ಲಿ, ಜಠರದ ಹಿಂದೆ ಅಡ್ಡಲಾಗಿ, ಅಕ್ಕಿನುಚ್ಚು ಚೆಲ್ಲಿದ ಹಾಗೆ ಬಿಳಿ ಚುಕ್ಕೆಗಳು. ಹತ್ತೊಂಬತ್ತು ವರ್ಷ ನಾನು ಆ ಅಂಗವನ್ನು ಬೋರ್ಡಿನ ಮೇಲೆ ಹಳದಿ ಸೀಮೆಸುಣ್ಣದಲ್ಲಿ ಬರೆದಿದ್ದೇನೆ. ಮಾವಿನೆಲೆಯ ಆಕಾರ, ನಡುವೆ ಒಂದು ನಾಳ. ಆ ನಾಳ ಅಣ್ಣನಲ್ಲಿ ಉಬ್ಬಿತ್ತು, ಅದರೊಳಗೆ ಕಲ್ಲುಗಳು ಕೂತಿದ್ದವು.

ವರದಿ ಹಿಡಿದು ಉಡುಪಿ ಕಡೆಯ ದೊಡ್ಡ ಆಸ್ಪತ್ರೆಗೆ ಹೋದೆವು. ಅಲ್ಲಿ ಸಿಕ್ಕಿದ ತಜ್ಞ ವೈದ್ಯೆ ನನಗಿಂತ ಸಣ್ಣವರು, ಮಾತು ಕಡಿಮೆ. ಅವರೂ ಕುಡಿಯುತ್ತೀರಾ ಎಂದು ಕೇಳಿದರು. ಅಣ್ಣ ಇಲ್ಲ ಅಂದ. ಅವರು "ಸರಿ" ಎಂದು ಬರೆದುಕೊಂಡರು. ಅಷ್ಟೇ. ಅಣ್ಣ ತಲೆ ಎತ್ತಿ ಅವರ ಮುಖ ನೋಡಿದ.

"ಕುಡಿಯದವರಿಗೂ ಇದು ಬರುತ್ತದೆ" ಅಂದರು ಅವರು. "ನಮ್ಮ ಈ ಕರಾವಳಿಯಲ್ಲಿ, ಕೇರಳದಲ್ಲಿ, ಒಂದು ಹನಿ ಮುಟ್ಟದವರಲ್ಲೂ ನೋಡಿದ್ದೇನೆ. ಹುಟ್ಟಿನಿಂದ ಬಂದ ಗುಣ ಸ್ವಲ್ಪ ಇರಬಹುದು, ಉಳಿದದ್ದು ಪೂರ್ತಿ ಗೊತ್ತಿಲ್ಲ. ಬೀಡಿ ಸೇದುತ್ತೀರಾ?"

"ಸೇದ್ತೆ."

"ಅದನ್ನು ಬಿಡಬೇಕು. ಕುಡಿತದಷ್ಟೇ ಅದೂ ಇದಕ್ಕೆ ಶತ್ರು."

ನಾನು ಜೀವಶಾಸ್ತ್ರದ ಉಪನ್ಯಾಸಕಿ ಎಂದು ತಿಳಿದ ಮೇಲೆ ಅವರು ಪೆನ್ನು ಕೆಳಗಿಟ್ಟು, "ಹಾಗಾದರೆ ಊಟ ಮಾಡಿದಾಗಲೇ ಯಾಕೆ ನೋವು ಎಂದು ನೀವೇ ಅಣ್ಣನಿಗೆ ಹೇಳಿ. ನಿಮ್ಮ ಭಾಷೆಯಲ್ಲಿ ಹೇಳಿದರೆ ಅವರಿಗೆ ಚೆನ್ನಾಗಿ ತಲುಪುತ್ತದೆ" ಅಂದರು. ಹೊರಗೆ ಇನ್ನೂ ಬಹಳ ಜನ ಕಾಯುತ್ತಿದ್ದರು.

ಆ ಮಾತು ಕೇಳಿ ನನಗೆ ತರಗತಿಯ ಒಂದು ಪ್ರಸಂಗ ನೆನಪಾಯಿತು. ಹಾರ್ಮೋನುಗಳ ಪಾಠದ ಕೊನೆಯಲ್ಲಿ ಜೀರ್ಣಾಂಗದ ಹಾರ್ಮೋನುಗಳ ಬಗ್ಗೆ ನಾಲ್ಕು ಸಾಲು ಬರುತ್ತದೆ. ಆ ವರ್ಷದ ಫೆಬ್ರವರಿಯಲ್ಲಿ ಅದನ್ನು ಓದಿ ಹೇಳುವಾಗ ಮೂರನೇ ಬೆಂಚಿನ ಹುಡುಗಿಯೊಬ್ಬಳು ಎದ್ದು, "ಮೇಡಂ, ಊಟ ಬಂತು ಅಂತ ಮೇದೋಜೀರಕಕ್ಕೆ ಗೊತ್ತಾಗುವುದು ಹೇಗೆ? ಅದು ಊಟ ಹೋಗುವ ದಾರಿಯಲ್ಲೇ ಇಲ್ಲವಲ್ಲ" ಎಂದಿದ್ದಳು. ಪರೀಕ್ಷೆ ಹತ್ತಿರ ಇತ್ತು. "ಸೆಕ್ರಿಟಿನ್, ಕೊಲೆಸಿಸ್ಟೊಕೈನಿನ್, ಎರಡು ಹೆಸರು ನೆನಪಿಡು, ಒಂದು ಅಂಕಕ್ಕೆ ಬರುತ್ತದೆ" ಎಂದು ಕೂರಿಸಿದ್ದೆ. ಪ್ರಶ್ನೆ ಎಷ್ಟು ಚೆನ್ನಾಗಿತ್ತು ಎಂದು ಹೊರಗೆ ಬಂದು ಆಸ್ಪತ್ರೆಯ ಬೆಂಚಿನಲ್ಲಿ ಕೂತಾಗ ಅರ್ಥವಾಯಿತು.

ಅಣ್ಣನ ಕೈಯಲ್ಲಿ ಕಾಗದದ ಲೋಟದ ಚಾ ಇತ್ತು. ನಾನು ಸ್ಕ್ಯಾನ್ ವರದಿಯ ಕವರಿನ ಹಿಂದೆ ಪೆನ್ನಿನಲ್ಲಿ ಜಠರ ಬರೆದೆ, ಅದರ ಬುಡದಿಂದ ಹೊರಡುವ ಸಣ್ಣ ಕರುಳು ಬರೆದೆ, ಪಕ್ಕದಲ್ಲಿ ಮೇದೋಜೀರಕ.

"ಕಾಣ್ ಅಣ್ಣ. ನೀನ್ ಬಂದರಿಗೆ ಬಪ್ಪು ಮೊದ್ಲ್ ವೈರ್‌ಲೆಸ್‌ನಲ್ಲಿ ಹೇಳ್ತ್ಯಲ್ಲ, ಇಷ್ಟ್ ಮೀನ್ ಇತ್ತ್, ಇಷ್ಟ್ ಐಸ್ ಬೇಕ್, ಅಂದೇಳಿ. ಕರುಳೂ ಹಾಂಗೇ ಹೇಳ್ತ್."

"ಯಾರಿಗ್ ಹೇಳ್ತ್?"

"ಇದಕ್ಕೆ." ಮೇದೋಜೀರಕದ ಮೇಲೆ ಪೆನ್ನು ಇಟ್ಟೆ. "ಹೊಟ್ಟೆಯಿಂದ ಊಟ ಹುಳಿ ಹುಳಿಯಾಗಿ ಕರುಳಿಗೆ ಇಳಿತ್ತ್. ಆ ಹುಳಿ ತಾಗಿದ ಕೂಡ್ಲೆ ಕರುಳಿನ ಗೋಡೆ ಸೆಕ್ರಿಟಿನ್ ಅಂಬ ಒಂದ್ ರಸವನ್ನ ರಕ್ತಕ್ಕೆ ಬಿಡತ್ತ್. ಅದ್ ರಕ್ತದಲ್ಲಿ ಸುತ್ತ್ ಹೊಡ್ದ್ ಮೇದೋಜೀರಕಕ್ಕೆ ಮುಟ್ಟತ್ತ್. ಆಗ ಇದ್ ಸೋಡದಂಥ ನೀರ್ ಕಳ್ಸತ್ತ್, ಹುಳಿ ಮುರಿತ್ತ್. ಊಟದಲ್ಲಿ ಎಣ್ಣಿ, ಮೀನ್, ಕೋಳಿ ಇದ್ರೆ ಇನ್ನೊಂದ್ ರಸ. ಅದ್ರ ಹೆಸ್ರ್ ಉದ್ದ, ಕೊಲೆಸಿಸ್ಟೊಕೈನಿನ್. ಅದ್ ಹೋಯ್ ಹೇಳ್ದ್ರೆ, ಎಣ್ಣಿ ಕರಗ್ಸು ಕಿಣ್ವ ಎಲ್ಲ ಇದ್ ಸುರಿತ್ತ್. ಪಿತ್ತಕೋಶವನ್ನೂ ಅದೇ ಹಿಂಡತ್ತ್."

"ಮಧ್ಯ ವೈರ್ ಇಲ್ಯಾ? ನರ, ಗಿರ?"

"ನರವೂ ಇತ್ತ್. ಆದ್ರೆ ನೂರ್ ವರ್ಷದ ಹಿಂದೆಯೇ ಇಬ್ಬರ್ ವಿಜ್ಞಾನಿಗಳ್ ಒಂದ್ ನಾಯಿಯ ಕರುಳಿನ ನರ ಎಲ್ಲ ಕಡ್ದ್ ಕಂಡ್ರ್. ಹುಳಿ ಹಾಕಿದ್ ಕೂಡ್ಲೆ ಮೇದೋಜೀರಕ ರಸ ಬಿಟ್ಟೇ ಬಿಡ್ತ್. ರಕ್ತದಲ್ಲೇ ಸುದ್ದಿ ಹೋತ್ತ್ ಅಂದೇಳಿ ಗೊತ್ತಾದದ್ದ್ ಆಗ."

ಅವನು ಚಿತ್ರವನ್ನು ತನ್ನ ಕಡೆ ತಿರುಗಿಸಿಕೊಂಡ. ನಕ್ಷೆ ನೋಡುವುದು ಅವನಿಗೆ ಹೊಸತಲ್ಲ. ನಾನು ಬರೆದ ನಾಳದ ಮೇಲೆ ಬೆರಳಿಟ್ಟು, "ಕಲ್ಲ್ ಇಪ್ಪುದ್ ಇಲ್ಲಾ?" ಎಂದು ಕೇಳಿದ.

"ಹೌದ್."

"ಹಂಗಾರ್ ನಾನ್ ಉಂಡ ಕೂಡ್ಲೆ ಕರುಳ್ ಸುದ್ದಿ ಕಳ್ಸತ್ತ್. ಇದ್ ರಸ ಬಿಡೂಕೆ ಹೊರಡತ್ತ್. ದಾರಿ ಬಂದ್. ಒಳ್ಗೇ ಒತ್ತತ್ತ್."

"ಅಷ್ಟೇ. ಅದೇ ನೋವು."

ಅಣ್ಣ ತಣ್ಣಗಾದ ಚಾ ಮುಗಿಸಿದ. "ಹಂಗಾರ್ ಕೋಳಿ ಸಾರಿಂದೂ ತಪ್ಪಿಲ್ಲ, ನಂದೂ ತಪ್ಪಿಲ್ಲ" ಅಂದ. ಆರು ತಿಂಗಳಲ್ಲಿ ಮೊದಲ ಬಾರಿಗೆ ಅವನ ಧ್ವನಿ ಬೋಟಿನ ಮೇಲಿದ್ದ ಹಾಗೆ ಕೇಳಿಸಿತು. ಕಾಯಿಲೆಯ ಹೆಸರಿಗಿಂತ ಅದು ನಡೆಯುವ ರೀತಿ ಗೊತ್ತಾದದ್ದೇ ಅವನಿಗೆ ಹೆಚ್ಚು ಧೈರ್ಯ ಕೊಟ್ಟಿತು. ಎದುರಿಗೆ ಏನಿದೆ ಎಂದು ತಿಳಿದ ಮೇಲೆ ಅವನು ಹೆದರುವ ಜಾತಿಯವನಲ್ಲ.

ಆ ಮಳೆಗಾಲದಲ್ಲಿ ಎರಡು ಸಲ ಆಸ್ಪತ್ರೆ ಸೇರಿದ. ಹೊರಗಿನಿಂದ ತರಂಗಗಳನ್ನು ಹಾಯಿಸಿ ದೊಡ್ಡ ಕಲ್ಲುಗಳನ್ನು ಪುಡಿ ಮಾಡಿದರು. ಆಮೇಲೆ ಬಾಯಿಯಿಂದ ನಳಿಗೆ ಇಳಿಸಿ, ಪುಡಿಯನ್ನು ತೆಗೆದು, ನಾಳ ಮುಚ್ಚದ ಹಾಗೆ ಒಂದು ಸಣ್ಣ ಕೊಳವೆ ಇಟ್ಟರು. ನೋವು ಪೂರ್ತಿ ಹೋಗಲಿಲ್ಲ, ಆದರೆ ಮುಕ್ಕಾಲು ಪಾಲು ಹೋಯಿತು. ಬೀಡಿ ಬಿಟ್ಟದ್ದು ಮಾತ್ರ ಸುಲಭದಲ್ಲಿ ಅಲ್ಲ. ಹದಿನೈದು ದಿನ ಮನೆಯಲ್ಲಿ ಯಾರೂ ಅವನ ಜೊತೆ ಮಾತಾಡುವ ಹಾಗಿರಲಿಲ್ಲ. ಒಮ್ಮೆ ಮತ್ತೆ ಹಚ್ಚಿದ. ಅತ್ತಿಗೆ ಆ ಚಿತ್ರ ಬರೆದ ಕವರನ್ನು ತಂದು ಮುಂದಿಟ್ಟಳಂತೆ. ಅವನು ಬೀಡಿ ಕಟ್ಟನ್ನು ಒಲೆಗೆ ಹಾಕಿದ.

ಆಗಸ್ಟಿನಲ್ಲಿ ಬೋಟು ಇಳಿಯಿತು. ಅಣ್ಣನೂ ಹೋದ. ನಾವೆಲ್ಲ ಇನ್ನು ಎಲ್ಲ ಸರಿಯಾಯಿತು ಅಂದುಕೊಂಡೆವು.

ಸರಿಯಾಗಲಿಲ್ಲ. ನವರಾತ್ರಿಯ ಹೊತ್ತಿಗೆ ಅವನು ಇನ್ನೂ ಇಳಿದಿದ್ದ. ನೋವು ಹೆಚ್ಚಿರಲಿಲ್ಲ, ಊಟವನ್ನೂ ಮಾಡುತ್ತಿದ್ದ, ಮೈಗೆ ಮಾತ್ರ ಹತ್ತುತ್ತಿರಲಿಲ್ಲ. ಕೆನ್ನೆ ಒಳಗೆ ಹೋಗಿತ್ತು. ಅವನಿಗೆ ಹೇಳಲು ಸಂಕೋಚ, ಅತ್ತಿಗೆ ಹೇಳಿದಳು: ಮಲ ಎಣ್ಣೆ ಎಣ್ಣೆಯಾಗಿ ನೀರಿನ ಮೇಲೆ ತೇಲುತ್ತದೆ, ಎಷ್ಟು ನೀರು ಹಾಕಿದರೂ ಹೋಗುವುದಿಲ್ಲ. ಅಂದರೆ ತಿಂದ ಎಣ್ಣೆ, ಕೊಬ್ಬು ಜೀರ್ಣವಾಗದೆ ಹಾಗೇ ಹೊರಗೆ ಹೋಗುತ್ತಿದೆ. ನೋವು ಕಾಣುವ ಮೊದಲೇ ವರ್ಷಗಟ್ಟಲೆ ಒಳಗೊಳಗೆ ಉರಿದ ಮೇದೋಜೀರಕದಲ್ಲಿ ರಸ ಮಾಡುವ ಜೀವಕೋಶಗಳೇ ಕಡಿಮೆಯಾಗಿವೆ. ಕರುಳು ಕರೆಯುತ್ತಲೇ ಇದೆ, ಕಳಿಸಲು ಅಲ್ಲಿ ಸರಕಿಲ್ಲ.

ಇದು ವೈದ್ಯೆಗೆ ಮೊದಲೇ ಗೊತ್ತಿತ್ತು. ಅದಕ್ಕೇ ಕಿಣ್ವಗಳಿರುವ ಕ್ಯಾಪ್ಸೂಲು ಬರೆದುಕೊಟ್ಟಿದ್ದರು, ದಿನಕ್ಕೆ ಆರು. "ತಗೊಳ್ತಾ ಇದ್ನಾ?" ಎಂದು ಅತ್ತಿಗೆಯನ್ನು ಕೇಳಿದೆ.

"ಒಂದೂ ತಪ್ಪಿಸುದಿಲ್ಲ. ಬೆಳಿಗ್ಗೆ ಚಾ ಕುಡ್ದ್ ಮೂರ್ ನುಂಗ್ತ್ರ್, ಸಂಜಿ ಚಾ ಕುಡ್ದ್ ಮೂರ್."

"ಊಟದ ಹೊತ್ತಿಗೆ?"

"ಬೋಟಲ್ಲಿ ಎಲ್ರೂ ಒಟ್ಟಿಗೆ ಉಂಬುದಲ್ದಾ. ಅವ್ರ ಎದ್ರ್ ಮಾತ್ರೆ ನುಂಗುಕೆ ನಾಚ್ಕಿ. ಮತ್ತೆ ಕುಡ್ದದ್ದಕ್ಕೇ ಮದ್ದ್ ಅಂಬ್ರ್ ಅಂದೇಳಿ."

ಉತ್ತರ ನನ್ನ ಪಾಠದಲ್ಲೇ ಇತ್ತು. ಆರೋಗ್ಯವಂತನಲ್ಲಿ ಊಟ ಕರುಳಿಗೆ ಮುಟ್ಟಿದಾಗ ಹಾರ್ಮೋನು ಹೊರಡುತ್ತದೆ, ಹಾರ್ಮೋನು ಕರೆದಾಗ ಕಿಣ್ವ ಬರುತ್ತದೆ, ಊಟ ಇರುವಷ್ಟು ಹೊತ್ತು ಬರುತ್ತಲೇ ಇರುತ್ತದೆ. ಅಣ್ಣನ ಕಿಣ್ವ ಬೆಳಗಿನ ಚಾದ ಜೊತೆ ಹೊಟ್ಟೆಗೆ ಹೋಗಿ, ಊಟ ಬರುವ ಎಷ್ಟೋ ಮೊದಲೇ ಕರುಳು ದಾಟಿ ಹೋಗಿರುತ್ತಿತ್ತು. ಮಧ್ಯಾಹ್ನದ ಅನ್ನ, ಮೀನು ಬಂದಾಗ ಅಲ್ಲಿ ಯಾರೂ ಇರಲಿಲ್ಲ. ಚೀಟಿಯಲ್ಲಿ 'ಊಟದ ಜೊತೆ' ಎಂದು ಬರೆದಿತ್ತು. ಅದನ್ನು ನಾವು ಓದಿದ್ದೆವು, ಯಾಕೆ ಎಂದು ಕೇಳಿರಲಿಲ್ಲ.

ಮುಂದಿನ ಭೇಟಿಯಲ್ಲಿ ಇದನ್ನು ಹೇಳಿದಾಗ ವೈದ್ಯೆ ನಕ್ಕರು, ಬೈಯಲಿಲ್ಲ. "ಮೊದಲ ತುತ್ತಿಗೆ ಒಂದು, ಊಟದ ನಡುವೆ ಒಂದು. ಮೂರೂ ಹೊತ್ತು" ಅಂದರು. ಜೊತೆಗೆ ಹುಳಿ ಕಡಿಮೆ ಮಾಡುವ ಇನ್ನೊಂದು ಮಾತ್ರೆ ಸೇರಿಸಿದರು. ಕ್ಯಾಪ್ಸೂಲಿನ ಒಳಗಿನ ಕಾಳುಗಳ ಹೊದಿಕೆ ಹುಳಿಯಲ್ಲಿ ಕರಗುವುದಿಲ್ಲವಂತೆ. ಕರುಳಿನಲ್ಲಿ ಹುಳಿ ಮುರಿದ ಮೇಲೆಯೇ ಅದು ಬಿಚ್ಚಿಕೊಳ್ಳುವುದು. ಹುಳಿ ಮುರಿಯಬೇಕಾದ ಆ ಸೋಡದಂಥ ನೀರೂ ಅಣ್ಣನ ಮೇದೋಜೀರಕದಿಂದ ಸಾಕಷ್ಟು ಬರುತ್ತಿರಲಿಲ್ಲ. ಸೆಕ್ರಿಟಿನ್ ಕರೆದರೂ ಅಷ್ಟೇ, ಆ ಉದ್ದ ಹೆಸರಿನದು ಕರೆದರೂ ಅಷ್ಟೇ.

ನಾನು ಒಂದು ಪ್ರಶ್ನೆ ಕೇಳಿದೆ. ಕಿಣ್ವ ಬಾರದೆ ಇದ್ದರೆ ಕರುಳು ಇನ್ನೂ ಜೋರಾಗಿ ಕರೆಯುತ್ತದೆಯೇ, ಅದರಿಂದಲೇ ಸೋತ ಗ್ರಂಥಿಗೆ ಮತ್ತೆ ಮತ್ತೆ ಪೆಟ್ಟು ಬೀಳುತ್ತದೆಯೇ? "ಹಾಗೆ ಹೇಳುವವರಿದ್ದಾರೆ" ಅಂದರು. "ಕಿಣ್ವ ಸಿಕ್ಕಿದರೆ ಕರೆ ಕಡಿಮೆಯಾಗಿ ನೋವೂ ಕಡಿಮೆಯಾಗುತ್ತದೆ ಎಂಬ ವಾದ. ಕೆಲವರಿಗೆ ಹಾಗಾಗುತ್ತದೆ, ಕೆಲವರಿಗೆ ಇಲ್ಲ. ಎಲ್ಲರೂ ಒಪ್ಪಿದ ಮಾತಲ್ಲ." ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಹೇಳುವ ಅವರ ರೀತಿ ನನಗೆ ಹಿಡಿಸಿತು. ಸಕ್ಕರೆಯನ್ನೂ ಮೂರು ತಿಂಗಳಿಗೊಮ್ಮೆ ನೋಡಿಸಬೇಕು, ಇದೇ ಗ್ರಂಥಿಯಲ್ಲಿ ಇನ್ಸುಲಿನ್ ಕೂಡ ಆಗುವುದು ಎಂದರು. ಎಣ್ಣೆ, ಮೀನು ಪೂರ್ತಿ ಬಿಡಬೇಕಾ ಎಂದು ಅಣ್ಣ ಕೇಳಿದ. "ಬೇಡ. ಕ್ಯಾಪ್ಸೂಲು ತಗೊಂಡು ತಿನ್ನಿ. ಬಿಟ್ಟರೆ ಇನ್ನೂ ಸೊರಗುತ್ತೀರಿ." ಅಣ್ಣನಿಗೆ ಆ ದಿನ ಕೇಳಿದ್ದರಲ್ಲಿ ಇದೇ ದೊಡ್ಡ ಮಾತು.

ಉಳಿದದ್ದು ನಾಚಿಕೆಯ ಪ್ರಶ್ನೆ. ಬಸ್ಸಿನಲ್ಲಿ ವಾಪಸು ಬರುವಾಗ, ಸಾಸ್ತಾನದ ಟೋಲಿನ ಹತ್ತಿರ ವಾಹನಗಳ ಸಾಲು ನಿಂತಾಗ, ಅವನಿಗೆ ನೇರವಾಗಿ ಹೇಳಿದೆ. "ಎಂಟ್ ಜನ ನಿನ್ ಮಾತ್ ಕೇಂಡ್ ಬಲೆ ಎಳಿತ್ರ್. ನೀನ್ ಹೇಳ್ರೆ ಇದನ್ನೂ ಕೇಂತ್ರ್. ಕದ್ದ್ ನುಂಗಿದ್ರೆ ಮಾತ್ರ ಕಥೆ ಹುಟ್ಟುದ್."

ಅವನು ಕಿಟಕಿಯ ಆಚೆ ನೋಡುತ್ತ ಕೂತಿದ್ದ.

ಬೋಟಿನಲ್ಲಿ ನಡೆದದ್ದನ್ನು ನನಗೆ ಹೇಳಿದ್ದು ಅಲ್ಲಿ ಅಡುಗೆ ಮಾಡುವವರು, ನಮ್ಮ ದೂರದ ಸಂಬಂಧಿಕರು. ಮುಂದಿನ ಸಲ ಕಡಲಿಗೆ ಹೋದ ಮೊದಲ ದಿನದ ಮಧ್ಯಾಹ್ನ ಎಲ್ಲರಿಗೂ ಅನ್ನ, ಭೂತಾಯಿ ಮೀನಿನ ಸಾರು ಬಡಿಸಿಯಾಗಿತ್ತು. ಅಣ್ಣ ಕ್ಯಾಪ್ಸೂಲಿನ ಹಾಳೆಯನ್ನು ತಟ್ಟೆಯ ಪಕ್ಕದಲ್ಲಿ ಎಲ್ಲರಿಗೂ ಕಾಣುವ ಹಾಗೆ ಇಟ್ಟು, ಒಂದನ್ನು ನುಂಗಿ, ತುತ್ತು ಎತ್ತಿದ. ಯಾರೂ ಏನೂ ಕೇಳಲಿಲ್ಲ. ಕೇಳಲಿಲ್ಲ ಎಂದೇ ಅವನು ಹೇಳತೊಡಗಿದ. ಇದು ಎಂತ, ಯಾಕೆ, ಊಟದ ಜೊತೆಗೇ ಯಾಕೆ, ಕುಡಿಯದಿದ್ದರೂ ಯಾಕೆ ಬಂತು, ಎಲ್ಲ. ನಡುವೆ ಎರಡನೆಯದನ್ನು ನುಂಗಿದ. ಹಿಂದೆ ಹರಾಜು ಕಟ್ಟೆಯಲ್ಲಿ ಮಾತು ಎತ್ತಿದವರಲ್ಲಿ ಒಬ್ಬ ಅಲ್ಲೇ ಕೂತಿದ್ದ. ಅವನು ತಲೆ ತಗ್ಗಿಸಿ ಊಟ ಮುಗಿಸಿ, ಅಣ್ಣನ ತಟ್ಟೆಯನ್ನೂ ತಾನೇ ತೊಳೆದನಂತೆ. ಎರಡು ದಿನ ಕಳೆದ ಮೇಲೆ ಅಣ್ಣ ಮರೆತು ಊಟಕ್ಕೆ ಕೂತಾಗ ನೆನಪು ಮಾಡಿದವನೂ ಅವನೇ.

ಡಿಸೆಂಬರಿಗೆ ಅಣ್ಣನ ಬೆಲ್ಟು ಒಂದು ತೂತು ಹಿಂದೆ ಬಂತು. ಕೆನ್ನೆ ತುಂಬಿತು. ಕಾಯಿಲೆ ಹೋಗಿಲ್ಲ, ಹೋಗುವುದೂ ಇಲ್ಲ. ಕೆಟ್ಟ ದಿನಗಳು ಈಗಲೂ ಬರುತ್ತವೆ. ಆದರೆ ಅವನು ಊಟಕ್ಕೆ ಹೆದರುವುದಿಲ್ಲ.

ಮುಂದಿನ ಫೆಬ್ರವರಿಯಲ್ಲಿ ನಾನು ಆ ನಾಲ್ಕು ಸಾಲಿನ ಪಾಠಕ್ಕೆ ಎರಡು ಪಿರಿಯಡ್ ತೆಗೆದುಕೊಂಡೆ. ಎರಡನೇ ಪಿಯುಸಿಗೆ ಹೋಗಿದ್ದ ಆ ಮೂರನೇ ಬೆಂಚಿನ ಹುಡುಗಿಯನ್ನು ಕರೆಸಿ ಹಿಂದೆ ಕೂರಿಸಿದೆ. ಅವಳ ಪ್ರಶ್ನೆಯನ್ನೇ ಬೋರ್ಡಿನ ಮೇಲೆ ಬರೆದು ಪಾಠ ಶುರು ಮಾಡಿದೆ. ಹೋದ ವರ್ಷ ನಾನು ಇವಳಿಗೆ ಉತ್ತರ ಕೊಟ್ಟಿರಲಿಲ್ಲ, ಕೊಡಬೇಕಿತ್ತು ಎಂದು ಮಕ್ಕಳ ಎದುರಿಗೆ ಹೇಳಿದೆ. ಹೇಳುವಾಗ ನನಗೆ ಮುಜುಗರ ಆಗಲಿಲ್ಲ. ಹತ್ತೊಂಬತ್ತು ವರ್ಷದಲ್ಲಿ ಅಷ್ಟು ಧೈರ್ಯದಿಂದ ಯಾವ ಪಾಠವನ್ನೂ ಮಾಡಿದ್ದಿಲ್ಲ.

ಏಪ್ರಿಲ್‌ನಲ್ಲಿ, ಬೋಟು ದಡದಲ್ಲಿದ್ದು ನಾನೂ ತವರಿಗೆ ಹೋಗಿದ್ದ ಒಂದು ಬೆಳಿಗ್ಗೆ, ಅತ್ತಿಗೆಯ ಪರಿಚಯದ ಮೀನು ಮಾರುವ ಹೆಂಗಸೊಬ್ಬರು ಮನೆಗೆ ಬಂದರು. ಮೂವತ್ತೆಂಟು ಇರಬಹುದು. ದಿನಾ ಟೆಂಪೋದಲ್ಲಿ ಮೀನು ಹೇರಿಕೊಂಡು ಅಮಾಸೆಬೈಲಿನ ಕಡೆ ಹೋಗಿ ಮಾರಿ ಬರುವವರು. ಬೋಟಿನವರಿಂದ ಅಣ್ಣನ ಸಂಗತಿ ಕೇಳಿದ್ದರು. ಅವರಿಗೂ ಊಟದ ನಂತರ ಹೊಟ್ಟೆನೋವು, ವರ್ಷದಿಂದ. ಒಬ್ಬರು ಗ್ಯಾಸ್ ಅಂದರು, ಇನ್ನೊಬ್ಬರು ಟೆನ್ಷನ್ ಅಂದರು. ಮನೆಯಲ್ಲಿ ಕೆಲಸ ತಪ್ಪಿಸುವ ನೆಪ ಅಂದರು.

ಅಣ್ಣ ಚಾಪೆ ಹಾಕಿ ಕೂರಿಸಿ ವಿಚಾರಿಸಿದ್ದನ್ನು ನಾನು ಬಾಗಿಲಲ್ಲಿ ನಿಂತು ನೋಡಿದೆ.

"ಉಂಡ್ ಎಷ್ಟ್ ಹೊತ್ತಿಗ್ ಬತ್ತ್?"

"ಒಂದ್ ಗಂಟಿ. ಕರ್ದದ್ದ್ ತಿಂದ್ರೆ ಜೋರ್."

"ಬೆನ್ನಿಗ್ ಹೋತ್ತಾ?"

"ಬಲ ಬದಿ ಹೆಗಲಿನ್ ರೆಕ್ಕಿ ಹತ್ರ."

ಅವನು ನನ್ನ ಕಡೆ ತಿರುಗಿ, "ಇದ್ ನಂದರ ಹಾಂಗೇ ಅಲ್ಲ. ಆದ್ರೆ ಕರುಳಿಗೆ ಎಣ್ಣಿ ತಾಗಿದ ಮೇಲೇ ಬಪ್ಪುದ್. ಆ ಉದ್ದ ಹೆಸ್ರಿಂದ್ ಪಿತ್ತಕೋಶನೂ ಹಿಂಡತ್ತ್ ಅಂದಿದ್ಯಲ್ಲ" ಅಂದ. ಮರುವಾರ ಅವನೇ ಜೊತೆಗೆ ಹೋಗಿ ಅದೇ ವೈದ್ಯೆಗೆ ತೋರಿಸಿದ. ಪಿತ್ತಕೋಶದ ತುಂಬ ಕಲ್ಲು. ಅದರಲ್ಲಿ ಒಂದು ಜಾರಿ, ಮೇದೋಜೀರಕದ ನಾಳವೂ ಬಂದು ಸೇರುವ ಬಾಯಿಯಲ್ಲಿ ಸಿಕ್ಕಿಕೊಳ್ಳುವುದರಲ್ಲಿತ್ತು. ಹಾಗೆ ಸಿಕ್ಕಿಕೊಂಡಿದ್ದರೆ ಮೇದೋಜೀರಕ ಒಮ್ಮೆಗೇ ಊದಿಕೊಂಡು ಜೀವಕ್ಕೇ ತೊಂದರೆಯಾಗುತ್ತಿತ್ತು ಎಂದರು ವೈದ್ಯೆ. ಆ ಕಲ್ಲನ್ನು ತೆಗೆದು, ಆಮೇಲೆ ಪಿತ್ತಕೋಶವನ್ನೂ ತೆಗೆದರು. ಅವರ ನೋವು ಪೂರ್ತಿ ಹೋಯಿತು.

"ಅವ್ರದ್ದ್ ಗುಣ ಆಯ್ತ್, ನಂದ್ ಆತಿಲ್ಲ" ಅಂದ ಅಣ್ಣ ಒಂದು ದಿನ. ದುಃಖದಿಂದ ಅಲ್ಲ, ಇದ್ದದ್ದನ್ನು ಹೇಳಿದ. ಆ ಹೆಂಗಸು ತಿಂಗಳೊಳಗೆ ಮತ್ತೆ ಟೆಂಪೋ ಹತ್ತಿದರು. ನಮ್ಮ ಮನೆಗೆ ಬಂದಾಗ ತಮ್ಮ ಅತ್ತೆಯನ್ನೂ ಕರೆದುಕೊಂಡು ಬಂದಿದ್ದರು. ನೆಪ ಅಲ್ಲ ಎಂದು ಅಣ್ಣ ಆ ಅತ್ತೆಗೆ ಕವರಿನ ಚಿತ್ರ ಇಟ್ಟುಕೊಂಡು ವಿವರಿಸಿದ. ನಡುವೆ ಸೆಕ್ರಿಟಿನ್ನಿನ ಕೆಲಸವನ್ನೂ ಇನ್ನೊಂದರ ಕೆಲಸವನ್ನೂ ಅದಲು ಬದಲು ಮಾಡಿದ. ನಾನು ತಿದ್ದಿದೆ. "ಅದೇ, ಅದೇ" ಅಂದು ಮುಂದುವರಿಸಿದ.

ಈ ವರ್ಷ ಆಗಸ್ಟಿನಲ್ಲಿ ಬೋಟು ಹೊರಡುವ ದಿನ ನಾನೂ ಬಂದರಿಗೆ ಹೋಗಿದ್ದೆ. ಅಣ್ಣ ಕ್ಯಾಪ್ಸೂಲುಗಳನ್ನು ಮೂರು ಪಾಲು ಮಾಡಿದ್ದ. ಒಂದು ಅಡುಗೆಯವರ ಡಬ್ಬಿಯಲ್ಲಿ, ಒಂದು ಸ್ಟಿಯರಿಂಗ್ ಪಕ್ಕದ ಗೂಡಿನಲ್ಲಿ, ಒಂದು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಕಿಸೆಯಲ್ಲಿ. ಒಂದು ಕಡೆ ಒದ್ದೆಯಾದರೆ ಇನ್ನೊಂದು ಕಡೆ ಇರಲಿ ಅಂದ. ಬೋಟು ಅಳಿವೆ ದಾಟಿ ಕಡಲಿಗೆ ಇಳಿಯುವವರೆಗೆ ಅತ್ತಿಗೆಯ ಜೊತೆ ನಿಂತಿದ್ದು, ಆಮೇಲೆ ನಾನು ಬೈಂದೂರಿನ ಬಸ್ಸು ಹಿಡಿದೆ. ಎರಡನೇ ಪಿರಿಯಡ್ ನನ್ನದಿತ್ತು.